ಸಿಯೋಲ್ ನಗರದ ಎರಡು ಜೀರ್ಣಮಾರ್ಗಗಳು

ನಗರಗಳ ಚರಿತ್ರೆಯನ್ನು ಬರೆಯುವವರು ಕೋಟೆ, ಅರಮನೆ, ದೇವಾಲಯಗಳ ನಿರ್ಮಾಣವನ್ನು ವಿಸ್ತಾರವಾಗಿ ವರ್ಣಿಸುವರು. ರಸ್ತೆಗಳ ವಿಷಯದಲ್ಲಿ ಒಂದೆರಡು ಮಾತುಗಳನ್ನಾಡಿ ಮುಂದೆ ಸಾಗುವರು. ಆದರೆ ಮನುಷ್ಯನು ಕಟ್ಟಿದ ಬೇರೆಲ್ಲ ವಸ್ತುಗಳಂತೆ ರಸ್ತೆಗೂ ಹುಟ್ಟು, ಪ್ರಾಯ, ಮುಪ್ಪುಗಳುಂಟು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮೋಟಾರು ವಾಹನಗಳು ಹೆಚ್ಚಿದಂತೆಲ್ಲ, ಲೋಕದ ದೊಡ್ಡ ದೊಡ್ಡ ನಗರಗಳು ಕಂಬಗಳ ಮೇಲೆ ಎತ್ತರಿಸಿದ ರಸ್ತೆಗಳನ್ನು ಕಟ್ಟಿ, ಅವೇ ಅಭ್ಯುದಯದ ಗುರುತೆಂದು ಹೆಮ್ಮೆಪಟ್ಟವು. ಅರ್ಧ ಶತಮಾನವು ತುಂಬುವುದರೊಳಗೆ ಅವುಗಳಲ್ಲಿ ಅನೇಕವು ಜೀರ್ಣವಾದವು. ಅವನ್ನು ಮತ್ತೆ ಬಲಪಡಿಸುವುದೆ, ಕೆಡವುವುದೆ, ಅಥವಾ ಬೇರೊಂದು ಉಪಯೋಗಕ್ಕೆ ತಿರುಗಿಸುವುದೆ ಎಂಬ ಪ್ರಶ್ನೆಯು ಆಗ ಉದ್ಭವಿಸಿತು. ಅಮೆರಿಕದ ಪೋರ್ಟ್‌ಲೆಂಡ್ ನಗರವು ನದೀತೀರದ ಹೆದ್ದಾರಿಯೊಂದನ್ನು ೧೯೭೪ರಲ್ಲಿ ಮುಚ್ಚಿ, ಆ ಸ್ಥಳವನ್ನು ಉದ್ಯಾನವಾಗಿ ಮಾರ್ಪಡಿಸಿತು. ಪ್ಯಾರಿಸ್ ನಗರವು ೨೦೧೬ರಲ್ಲಿ ಸೇನ್ ನದಿಯ ಬಲದಂಡೆಯ ಮೋಟಾರು ರಸ್ತೆಯ ಒಂದು ಭಾಗವನ್ನು ಪಾದಚಾರಿಗಳಿಗೆ ಬಿಟ್ಟುಕೊಟ್ಟಿತು. ದಕ್ಷಿಣ ಕೊರಿಯದ ರಾಜಧಾನಿಯಾದ ಸಿಯೋಲ್ ನಗರವಾದರೋ ಈ ಪ್ರಶ್ನೆಗೆ ಎರಡು ಉತ್ತರಗಳನ್ನು ಕೊಟ್ಟಿದೆ. ಒಂದು ಮೇಲ್ರಸ್ತೆಯನ್ನು ಕೆಡವಿ ಅದರಡಿಯಲ್ಲಿ ಹುದುಗಿದ್ದ ತೊರೆಯನ್ನು ಹೊರತೆಗೆಯಿತು. ಇನ್ನೊಂದನ್ನು ಕೆಡವದೆ ಅದರ ಮೇಲೆಯೇ ಗಿಡಮರಗಳನ್ನು ನೆಟ್ಟಿತು. ಈ ಎರಡು ಕಾರ್ಯಗಳ ವೃತ್ತಾಂತವು ವಿಚಾರಶೀಲರಾದ ವಾಚಕರಿಗೆ ಮನನಯೋಗ್ಯವಾದುದು.

ತೊರೆಯ ಪೂರ್ವವೃತ್ತಾಂತ

ಜೋಸೊನ್ ರಾಜವಂಶವು ೧೩೯೨ರಲ್ಲಿ ಸ್ಥಾಪಿತವಾಗಿ, ೧೩೯೪ರಲ್ಲಿ ತನ್ನ ರಾಜಧಾನಿಯನ್ನು ಹಾನ್ಯಾಂಗಿಗೆ, ಎಂದರೆ ಈಗಿನ ಸಿಯೋಲಿಗೆ ಬದಲಾಯಿಸಿತು. ಈ ಊರು ಸುತ್ತಲೂ ಬೆಟ್ಟಗಳಿಂದ ಆವೃತವಾದ ತಗ್ಗುನೆಲ. ಬೆಟ್ಟಗಳಿಂದಿಳಿದ ನೀರೆಲ್ಲ ನಡುವೆ ಕೂಡಿ, ಪಶ್ಚಿಮದಿಂದ ಪೂರ್ವಕ್ಕೆ ಹರಿದು, ಮತ್ತೊಂದು ಹೊಳೆಯ ಮೂಲಕ ಹಾನ್ ನದಿಯನ್ನು ಸೇರುತ್ತಿತ್ತು. ಕೊರಿಯದಲ್ಲಿ ಮಳೆಯ ಬಹುಭಾಗವು ಬೇಸಗೆಯ ತಿಂಗಳುಗಳಲ್ಲಿಯೇ ಸುರಿಯುವುದರಿಂದ, ಈ ತೊರೆಯು ಆಗ ಉಕ್ಕಿ ಮನೆಗಳನ್ನು ಮುಳುಗಿಸುವುದು, ಉಳಿದ ಕಾಲದಲ್ಲಿ ಬತ್ತಿ ಕಲ್ಲುಮರಳುಗಳನ್ನು ತೋರಿಸುವುದು ವಾಡಿಕೆಯಾಗಿತ್ತು.

ತೇಜೊಂಗ್ ಅರಸನು ೧೪೧೨ರಲ್ಲಿ ಐವತ್ತು ಸಾವಿರಕ್ಕೂ ಮೇಲ್ಪಟ್ಟ ಆಳುಗಳನ್ನು ಕೂಡಿಸಿ, ಈ ತೊರೆಯ ಪಾತ್ರವನ್ನು ತೋಡಿಸಿ ಅಗಲಮಾಡಿಸಿದನು. ಅಂದಿನಿಂದ ಇದಕ್ಕೆ ಗೇಚೊನ್, ಅಂದರೆ ‘ತೋಡಿದ ತೊರೆ’ ಎಂಬ ಹೆಸರು ಬಂದಿತು. ಅದಕ್ಕೆ ಎರಡು ವರ್ಷ ಮೊದಲು, ೧೪೧೦ರಲ್ಲಿ, ಅದೇ ಅರಸನು ಗ್ವಾಂಗ್ತೊಂಗ್ ಎಂಬ ಸೇತುವೆಯನ್ನು ಕಲ್ಲಿನಿಂದ ಕಟ್ಟಿಸಿದ್ದನು. ಆ ಕಲ್ಲುಗಳು ಬಂದುದು ಅವನ ಮಲತಾಯಿಯ ಸಮಾಧಿಯಿಂದ. ತನಗೆ ಬರಬೇಕಾದ ಯುವರಾಜಪದವಿಯು ಆಕೆಯ ಮಗನಿಗೆ ಸಂದಿತೆಂಬ ದ್ವೇಷದಿಂದ, ಆಕೆಯ ಸಮಾಧಿಯ ಕೆತ್ತನೆಯ ಕಲ್ಲುಗಳನ್ನೇ ಕೀಳಿಸಿ, ಊರ ಜನರೆಲ್ಲ ತುಳಿದಾಡುವ ಸೇತುವೆಗೆ ಹಾಕಿಸಿದನು. ಅವುಗಳಲ್ಲಿ ಕೆಲವು ತಲೆಕೆಳಗಾಗಿಯೇ ಕೂಡಿಸಲ್ಪಟ್ಟಿವೆ.

ತೇಜೊಂಗನ ಮಗನೂ, ಕೊರಿಯದ ಅಕ್ಷರಮಾಲೆಯನ್ನು ನಿರ್ಮಿಸಿದವನೂ ಆದ ಸೇಜೊಂಗ್ ಅರಸನ ಕಾಲದಲ್ಲಿ, ೧೪೪೧ರಲ್ಲಿ, ನೀರಿನ ಏರಿಳಿತವನ್ನು ಅಳೆಯುವ ಕಂಬವೊಂದು ಈ ತೊರೆಯಲ್ಲಿ ನಿಲ್ಲಿಸಲ್ಪಟ್ಟಿತು. ಅದರ ಬಳಿಯ ಸೇತುವೆಗೆ ‘ನೀರಳತೆಯ ಸೇತುವೆ’ ಎಂಬರ್ಥದ ಸುಪ್ಯೊ ಎಂಬ ಹೆಸರು ಬಂದಿತು. ಅದೇ ಅರಸನ ಸಭೆಯಲ್ಲಿ ೧೪೪೪ರಲ್ಲಿ ಒಂದು ವಾದವು ನಡೆಯಿತು. ನೆಲದ ಶುಭಾಶುಭಗಳನ್ನು ಬಲ್ಲ ಒಬ್ಬನು, ರಾಜಧಾನಿಯ ನಡುವೆ ಹರಿಯುವ ನೀರು ನಿರ್ಮಲವಾಗಿರಬೇಕು, ಅದರಲ್ಲಿ ಕೊಳೆಯನ್ನು ಹಾಕಗೊಡಬಾರದು ಎಂದನು. ಇನ್ನೊಬ್ಬನು, ಜನರು ತುಂಬಿರುವ ಊರಿನಲ್ಲಿ ಕೊಳೆಯುಂಟಾಗುವುದು ಸಹಜ, ಅದನ್ನು ಹೊತ್ತೊಯ್ಯುವುದಕ್ಕೆ ಒಂದು ದಾರಿ ಇರಲೇಬೇಕು ಎಂದನು. ಅರಸನು ಎರಡನೆಯವನ ಪಕ್ಷವನ್ನು ಹಿಡಿದನು. ತೊರೆಯು ಊರ ಚರಂಡಿಯೆಂದು ನಿರ್ಣಯವಾದುದು ಹೀಗೆ. ಮುಂದಿನ ಐದು ಶತಮಾನಗಳ ಕಥೆಯು ಈ ಒಂದು ತೀರ್ಪಿನ ಫಲವೆಂದರೆ ಅತಿಶಯೋಕ್ತಿಯಾಗದು.

ಕಾಲಕ್ರಮದಲ್ಲಿ ಹೂಳು ತುಂಬಿ, ಸೇತುವೆಗಳ ಕೆಳಗೆ ನೀರು ಹೋಗುವುದಕ್ಕೂ ಎಡೆಯಿಲ್ಲದಂತಾಯಿತು. ಯಂಗ್ಜೊ ಅರಸನು ೧೭೬೦ರಲ್ಲಿ ಐವತ್ತೇಳು ದಿವಸಗಳ ಪರ್ಯಂತ ಹೂಳೆತ್ತಿಸಿದನು. ಅದಕ್ಕೆ ತಗುಲಿದ ದುಡಿಮೆಯು ಎರಡು ಲಕ್ಷ ಆಳುಗಳ ಲೆಕ್ಕವೆಂದು ಹೇಳುತ್ತಾರೆ. ಅವರಲ್ಲಿ ಐವತ್ತು ಸಾವಿರದಷ್ಟು ಕೂಲಿಯಾಳುಗಳಿಗೆ ಬೊಕ್ಕಸದಿಂದ ಹಣ ಸಂದಾಯವಾದುದರಿಂದ, ಊರಿನ ಬಡವರಿಗೆ ಅಷ್ಟುಮಟ್ಟಿಗೆ ಜೀವನೋಪಾಯವೂ ಒದಗಿತು. ಕೆಲಸವು ಮುಗಿದ ಬಳಿಕ ಸುಪ್ಯೊ ಸೇತುವೆಯ ಕಂಬದ ಮೇಲೆ ಆ ವರ್ಷದ ಹೆಸರನ್ನೂ ‘ನೆಲಮಟ್ಟ’ ಎಂಬರ್ಥದ ಅಕ್ಷರಗಳನ್ನೂ ಕೆತ್ತಿಸಲಾಯಿತು. ಮುಂದೆ ಹೂಳು ಆ ಗುರುತನ್ನು ಮುಚ್ಚಿದಾಗ, ಎಷ್ಟು ಆಳಕ್ಕೆ ತೋಡಬೇಕೆಂಬುದು ನಂತರದವರಿಗೆ ತಿಳಿಯಲಿ ಎಂಬುದೇ ಇದರ ಉದ್ದೇಶ. ಕೆರೆಯ ಹೂಳೆತ್ತಿಸುವ ಕಷ್ಟವನ್ನು ಬಲ್ಲವರಿಗೆ ಈ ಅರಸನ ದೂರದೃಷ್ಟಿಯನ್ನು ವಿವರಿಸಬೇಕಾದುದಿಲ್ಲ.

ತೊರೆಯು ಮರೆಯಾದುದು

ಜಪಾನೀಯರ ಆಳಿಕೆಯ ಕಾಲದಲ್ಲಿ (೧೯೧೦–೧೯೪೫) ಈ ತೊರೆಗೆ ಚೊಂಗ್ಯೇಚೊನ್, ಅಂದರೆ ‘ನಿರ್ಮಲಜಲದ ತೊರೆ’ ಎಂಬ ಹೆಸರು ರೂಢಿಗೆ ಬಂದಿತು. ಹೆಸರು ನಿರ್ಮಲವಾದರೂ ನೀರು ಹಾಗಿರಲಿಲ್ಲ. ೧೯೫೦ರಿಂದ ೧೯೫೩ರವರೆಗಿನ ಕೊರಿಯ ಯುದ್ಧದ ತರುವಾಯ, ಮನೆಮಠಗಳನ್ನು ಕಳೆದುಕೊಂಡ ಸಾವಿರಾರು ಜನರು ಅದರ ದಡದಲ್ಲಿ ಹಲಗೆಯ ಗುಡಿಸಲುಗಳನ್ನು ಕಟ್ಟಿಕೊಂಡರು. ಕೊಳಚೆ, ದುರ್ಗಂಧ, ರೋಗಗಳು ಹೆಚ್ಚಿದವು. ನಗರದ ಅಧಿಕಾರಿಗಳು ೧೯೫೮ರಲ್ಲಿ ತೊರೆಯನ್ನು ಕಾಂಕ್ರೀಟಿನಿಂದ ಮುಚ್ಚತೊಡಗಿದರು. ಸುಪ್ಯೊ ಸೇತುವೆಯು ೧೯೫೯ರಲ್ಲಿ ಬಿಚ್ಚಲ್ಪಟ್ಟು, ಕೊನೆಗೆ ದೂರದ ಉದ್ಯಾನವೊಂದರಲ್ಲಿ ನಿಲ್ಲಿಸಲ್ಪಟ್ಟಿತು. ಗ್ವಾಂಗ್ತೊಂಗ್ ಸೇತುವೆಯು ಇದ್ದ ಸ್ಥಳದಲ್ಲಿಯೇ ನೆಲದಡಿ ಹೂತುಹೋಯಿತು. ಗುಡಿಸಲಿನವರನ್ನು ನಗರದ ಹೊರಕ್ಕೆ ಸಾಗಿಸಲಾಯಿತು. ಮುಚ್ಚಿದ ತೊರೆಯ ಮೇಲೆ ವಿಶಾಲವಾದ ರಸ್ತೆಯೂ, ೧೯೬೭ರಿಂದ ೧೯೭೧ರವರೆಗೆ ಆ ರಸ್ತೆಯ ಮೇಲೆ ಸುಮಾರು ಐದೂವರೆ ಕಿಲೋಮೀಟರು ಉದ್ದದ ಮೇಲ್ರಸ್ತೆಯೂ ನಿರ್ಮಾಣವಾದವು. ಯುದ್ಧದಲ್ಲಿ ಹಾಳಾಗಿದ್ದ ದೇಶವು ಇಷ್ಟು ಬೇಗ ತಲೆಯೆತ್ತಿತೆಂಬುದಕ್ಕೆ ಈ ಮೇಲ್ರಸ್ತೆಯನ್ನೇ ಸಾಕ್ಷಿಯಾಗಿ ತೋರಿಸುತ್ತಿದ್ದರು.

ಆ ಅಭ್ಯುದಯಕ್ಕೆ ಇನ್ನೊಂದು ಮುಖವೂ ಇದ್ದಿತು. ರಸ್ತೆಯ ಪಕ್ಕದ ‘ಶಾಂತಿ ಮಾರುಕಟ್ಟೆ’ಯ ಅಂಗಡಿಗಳ ಮೇಲಂತಸ್ತುಗಳಲ್ಲಿ, ನೆಟ್ಟಗೆ ನಿಲ್ಲುವುದಕ್ಕೂ ಆಗದಷ್ಟು ತಗ್ಗಾದ ಕೊಠಡಿಗಳಲ್ಲಿ, ಎಳೆಯ ಹೆಣ್ಣುಮಕ್ಕಳು ಹಗಲಿರುಳು ಬಟ್ಟೆ ಹೊಲಿಯುತ್ತಿದ್ದರು. ಚೊನ್ ತೇ-ಇಲ್ ಎಂಬ ಇಪ್ಪತ್ತೆರಡು ವರ್ಷದ ಹೊಲಿಗೆಯ ಕೆಲಸಗಾರನು, ಕಾರ್ಮಿಕರ ರಕ್ಷಣೆಗಾಗಿ ಸರ್ಕಾರವೇ ಮಾಡಿದ್ದ ಕಾನೂನನ್ನಾದರೂ ಪಾಲಿಸಿರೆಂದು ಬೇಡಿ ಬೇಡಿ ಸಾಕಾಗಿ, ೧೯೭೦ರ ನವೆಂಬರ್ ೧೩ರಂದು ಆ ಮಾರುಕಟ್ಟೆಯ ಮುಂದೆ ತನ್ನ ದೇಹವನ್ನು ಅಗ್ನಿಗೆ ಆಹುತಿಕೊಟ್ಟನು. ಕೊರಿಯದ ಕಾರ್ಮಿಕ ಚಳವಳಿಯ ಇತಿಹಾಸವು ಈ ಘಟನೆಯಿಂದ ಹೊಸ ತಿರುವನ್ನು ಪಡೆಯಿತು. ಚೊಂಗ್ಯೇಚೊನ್ ರಸ್ತೆಯ ಚರಿತ್ರೆಯನ್ನು ಹೇಳುವಾಗ ಈ ತರುಣನನ್ನು ಬಿಡುವುದು ನ್ಯಾಯವಲ್ಲ.

ಕೆಡವಿದುದು, ತೆರೆದುದು

ಮೂವತ್ತು ವರ್ಷಗಳಲ್ಲಿ ಮೇಲ್ರಸ್ತೆಯು ಶಿಥಿಲವಾಯಿತು. ಕೆಳಗಿನ ಮುಚ್ಚಿದ ಚರಂಡಿಯಿಂದೇಳುವ ಅನಿಲಗಳು ಹೊದಿಕೆಯ ಕಾಂಕ್ರೀಟನ್ನೂ ಕಬ್ಬಿಣವನ್ನೂ ತಿನ್ನುತ್ತಿದ್ದವು. ೧೯೯೪ರಲ್ಲಿ ಸಿಯೋಲಿನ ಸೊಂಗ್ಸು ಸೇತುವೆಯು ಮುರಿದುಬಿದ್ದು ೩೨ ಜನರೂ, ಮರುವರ್ಷ ಸಾಂಪುಂಗ್ ಎಂಬ ದೊಡ್ಡ ಅಂಗಡಿಯ ಕಟ್ಟಡವು ಕುಸಿದು ೫೦೨ ಜನರೂ ಮೃತರಾಗಿದ್ದರು. ಅವಸರದಿಂದ ಕಟ್ಟಿದವುಗಳ ವಿಷಯದಲ್ಲಿ ನಾಗರಿಕರ ಮನಸ್ಸಿನಲ್ಲಿ ಭೀತಿಯು ನೆಲೆಸಿತ್ತು. ಅಪಾರ ಹಣವನ್ನು ಸುರಿದು ಮೇಲ್ರಸ್ತೆಯನ್ನು ದುರಸ್ತಿಮಾಡುವ ಬದಲು ಅದನ್ನು ತೆಗೆದುಹಾಕಿ ತೊರೆಯನ್ನೇ ಏಕೆ ತೆರೆಯಬಾರದು ಎಂಬ ಮಾತನ್ನು ಕೆಲವರು ವಿದ್ವಾಂಸರು ಎತ್ತಿದರು. ‘ತೊಜಿ’ ಎಂಬ ಮಹಾಕಾದಂಬರಿಯ ಕರ್ತೃವಾದ ಪಾಕ್ ಕ್ಯೊಂಗ್ನಿ ಅವರೂ ಇದಕ್ಕೆ ಬೆಂಬಲವಾಗಿ ನಿಂತರು. ೨೦೦೨ರ ಮೇಯರ್ ಚುನಾವಣೆಯಲ್ಲಿ ಲೀ ಮ್ಯುಂಗ್-ಬಾಕ್ ಅವರು ಇದನ್ನೇ ಮುಖ್ಯ ವಾಗ್ದಾನವನ್ನಾಗಿ ಮಾಡಿ ಗೆದ್ದರು. ಅವರು ಹಿಂದೆ ಹ್ಯುಂಡೈ ನಿರ್ಮಾಣ ಸಂಸ್ಥೆಯ ಮುಖ್ಯಸ್ಥರಾಗಿದ್ದವರು, ಮುಂದೆ ದೇಶದ ಅಧ್ಯಕ್ಷರಾದವರು. ಕಟ್ಟುವುದನ್ನೇ ವೃತ್ತಿಯಾಗಿಟ್ಟುಕೊಂಡಿದ್ದವರೇ ಕೆಡವುವ ಕಾರ್ಯಕ್ಕೆ ಕೈಹಾಕಿದುದು ಗಮನಾರ್ಹವಾದ ಸಂಗತಿ.

ಕೆಳಗಿನ ರಸ್ತೆ, ಮೇಲಿನ ರಸ್ತೆಗಳೆರಡರಲ್ಲಿಯೂ ಸೇರಿ ದಿನವೊಂದಕ್ಕೆ ೧,೬೦,೦೦೦ಕ್ಕೂ ಮೇಲ್ಪಟ್ಟು ವಾಹನಗಳು ಸಂಚರಿಸುತ್ತಿದ್ದವು. ಇಷ್ಟು ವಾಹನಗಳು ಎಲ್ಲಿಗೆ ಹೋಗಬೇಕು, ನಗರದ ವ್ಯವಹಾರವೇ ನಿಂತುಹೋದೀತು ಎಂದು ವಿರೋಧಿಗಳು ವಾದಿಸಿದರು. ೨೦೦೩ರ ಜುಲೈ ೧ರಂದು ಕೆಡವುವ ಕೆಲಸವು ಪ್ರಾರಂಭವಾಯಿತು. ಒಂದು ವರ್ಷದ ತರುವಾಯ, ೨೦೦೪ರ ಜುಲೈ ೧ರಂದು, ನಗರದ ಬಸ್ಸುಗಳ ವ್ಯವಸ್ಥೆಯನ್ನೇ ಮಾರ್ಪಡಿಸಿ, ಹೆದ್ದಾರಿಗಳ ನಡುವೆ ಬಸ್ಸುಗಳಿಗೆಂದೇ ಪ್ರತ್ಯೇಕ ಪಥಗಳನ್ನು ಏರ್ಪಡಿಸಲಾಯಿತು. ಭಯಪಟ್ಟಂತೆ ನಗರವು ಸ್ತಬ್ಧವಾಗಲಿಲ್ಲ. ರಸ್ತೆಯನ್ನು ಅಗಲಮಾಡಿದರೆ ವಾಹನಗಳು ಹೆಚ್ಚುವಂತೆ, ರಸ್ತೆಯನ್ನು ತೆಗೆದರೆ ಕೆಲವರು ವಾಹನವನ್ನು ಮನೆಯಲ್ಲಿಯೇ ಬಿಟ್ಟು ಬಸ್ಸು ರೈಲುಗಳನ್ನು ಹಿಡಿಯುವರೆಂಬುದು ಇಲ್ಲಿ ಪ್ರತ್ಯಕ್ಷವಾಯಿತು.

ಇಪ್ಪತ್ತೇಳು ತಿಂಗಳಲ್ಲಿ ಕೆಲಸವು ಮುಗಿದು, ೨೦೦೫ರ ಅಕ್ಟೋಬರ್ ೧ರಂದು ಸುಮಾರು ೫.೮ ಕಿಲೋಮೀಟರು ಉದ್ದದ ತೊರೆಯೂ, ಅದರ ಎರಡು ದಡಗಳ ಕಾಲುದಾರಿಗಳೂ ಜನರಿಗೆ ತೆರೆಯಲ್ಪಟ್ಟವು. ವೆಚ್ಚವು ಸುಮಾರು ೩೮,೬೦೦ ಕೋಟಿ ವೋನ್ ಆಯಿತು. ಇಪ್ಪತ್ತೆರಡು ಸೇತುವೆಗಳು ಎರಡು ದಡಗಳನ್ನೂ ಕೂಡಿಸಿದವು. ಇನ್ನೂರು ವರ್ಷಗಳಿಗೊಮ್ಮೆ ಬರಬಹುದಾದ ಪ್ರವಾಹವನ್ನು ತಾಳುವಂತೆ ಪಾತ್ರವನ್ನು ರಚಿಸಲಾಯಿತು. ಮೊದಲು ನಾಲ್ಕು ಜಾತಿಯ ಮೀನುಗಳಿದ್ದಲ್ಲಿ ಕೆಲವೇ ವರ್ಷಗಳಲ್ಲಿ ಇಪ್ಪತ್ತೈದು ಜಾತಿಗಳು ಕಂಡುಬಂದವು. ಸಮೀಪದ ರಸ್ತೆಗಳಿಗಿಂತ ತೊರೆಯ ಬಳಿಯಲ್ಲಿ ಬೇಸಗೆಯ ಉಷ್ಣತೆಯು ೩.೩ರಿಂದ ೫.೯ ಡಿಗ್ರಿ ಸೆಲ್ಸಿಯಸ್‌ವರೆಗೆ ಕಡಮೆಯೆಂದು ಅಳತೆಗಳು ತೋರಿಸಿದವು. ಸಂಜೆಯ ವೇಳೆ ಕಚೇರಿಯ ಜನರೂ, ಮಕ್ಕಳನ್ನು ಕರೆತಂದ ತಾಯ್ತಂದೆಗಳೂ, ವೃದ್ಧರೂ ಮೆಟ್ಟಲುಕಲ್ಲುಗಳ ಮೇಲೆ ಕುಳಿತು ನೀರಿನಲ್ಲಿ ಕಾಲಿಡುವುದು ನಿತ್ಯದ ದೃಶ್ಯವಾಯಿತು.

ಗುಣದೊಷಗಳ ವಿಮರ್ಶೆ

ಹೀಗೆ ಕೀರ್ತಿ ಪಡೆದ ಕಾರ್ಯದಲ್ಲಿಯೂ ವಿಮರ್ಶಕರು ಮೂರು ದೋಷಗಳನ್ನು ಎಣಿಸಿದ್ದಾರೆ.

ಮೊದಲನೆಯದು ನೀರಿನ ವಿಷಯ. ಬಹುಕಾಲ ಬತ್ತಿರುತ್ತಿದ್ದ ತೊರೆಯನ್ನು ಸದಾ ಹರಿಯುವಂತೆ ಮಾಡುವ ಸಲುವಾಗಿ, ಹಾನ್ ನದಿಯಿಂದಲೂ ನೆಲದಡಿಯ ರೈಲುನಿಲ್ದಾಣಗಳ ಒಸರಿನಿಂದಲೂ ದಿನಕ್ಕೆ ೧,೨೦,೦೦೦ ಟನ್ನುಗಳಷ್ಟು ನೀರನ್ನು ಯಂತ್ರಗಳಿಂದ ಎತ್ತಿ ಹರಿಯಿಸುವ ಏರ್ಪಾಡಾಯಿತು. ಕೆಳಗಿನಿಂದ ಮೇಲಕ್ಕೆ ತಂದು ಮತ್ತೆ ಕೆಳಗೆ ಬಿಡುವ ಈ ನೀರನ್ನು ತೊರೆಯೆನ್ನಬೇಕೆ, ಕಾರಂಜಿಯೆನ್ನಬೇಕೆ ಎಂದು ಕೇಳಿದವರುಂಟು.

ಎರಡನೆಯದು ಪ್ರಾಚೀನ ಅವಶೇಷಗಳ ವಿಷಯ. ಗ್ವಾಂಗ್ತೊಂಗ್ ಸೇತುವೆಯು ನೆಲದಿಂದ ಹೊರಬಂದಿತಾದರೂ, ವಾಹನಸಂಚಾರದ ಅನುಕೂಲಕ್ಕಾಗಿ ಅದು ಮೂಲಸ್ಥಾನದಿಂದ ಸುಮಾರು ೧೫೫ ಮೀಟರು ಮೇಲಕ್ಕೆ ಸ್ಥಳಾಂತರಿಸಲ್ಪಟ್ಟಿತು. ಸುಪ್ಯೊ ಸೇತುವೆಯನ್ನು ಹಿಂದಕ್ಕೆ ತರಲಿಲ್ಲ. ಅದರ ಸ್ಥಾನದಲ್ಲಿ ಬೇರೊಂದು ಸೇತುವೆಯನ್ನು ಕಟ್ಟಿದರು. ಅವಸರದ ಈ ರೀತಿಯನ್ನು ಕಂಡು, ಮೊದಲು ಬೆಂಬಲಿಸಿದ್ದ ಪಾಕ್ ಕ್ಯೊಂಗ್ನಿ ಅವರೇ ೨೦೦೪ರಲ್ಲಿ, ಇದು ಪುನರುದ್ಧಾರವೋ ಅಥವಾ ಮತ್ತೊಂದು ನಿರ್ಮಾಣದ ಉದ್ಯಮವೋ ಎಂದು ಪತ್ರಿಕೆಯ ಮೂಲಕ ಆಕ್ಷೇಪಿಸಿದರು.

ಮೂರನೆಯದು ಎಲ್ಲಕ್ಕಿಂತ ಗುರುತರವಾದುದು. ಅದು ಜನರ ಜೀವನದ ವಿಷಯ. ಮೇಲ್ರಸ್ತೆಯ ನೆರಳಿನಲ್ಲಿ ಸಾವಿರಾರು ಅಂಗಡಿಗಳೂ, ಬೀದಿಯಲ್ಲಿಯೇ ಹಳೆಯ ಸಾಮಾನುಗಳನ್ನು ಹರಡಿ ಮಾರುವವರೂ ಬದುಕುತ್ತಿದ್ದರು. ಅಂಗಡಿಗಾರರೊಡನೆ ನಗರಾಡಳಿತವು ೪,೦೦೦ಕ್ಕೂ ಹೆಚ್ಚು ಸಲ ಕುಳಿತು ಮಾತನಾಡಿತೆಂದು ಹೇಳಲಾಗಿದೆ. ಬೇರೆ ಕಡೆಗೆ ಹೋಗಬಯಸುವವರಿಗಾಗಿ ನಗರದ ಆಗ್ನೇಯಭಾಗದಲ್ಲಿ ದೊಡ್ಡ ವ್ಯಾಪಾರಮಂದಿರವೂ ಕಟ್ಟಲ್ಪಟ್ಟಿತು. ಆದರೆ ಅದು ತೆರೆದುದು ೨೦೧೦ರಲ್ಲಿ. ಅಲ್ಲಿನ ಮಳಿಗೆಗಳ ಬೆಲೆಯು ಹೆಚ್ಚಾದುದರಿಂದ, ಹೋಗಿ ನೆಲೆಸಿದವರು ಸ್ವಲ್ಪ ಮಂದಿ. ಬೀದಿಯ ವ್ಯಾಪಾರಿಗಳನ್ನು ೨೦೦೩ರ ನವೆಂಬರ್ ಕೊನೆಯಲ್ಲಿ ಬಲಾತ್ಕಾರವಾಗಿ ಎಬ್ಬಿಸಿ, ತೊಂಗ್ದೇಮುನ್ ಕ್ರೀಡಾಂಗಣದಲ್ಲಿ ಸ್ಥಳ ಕೊಟ್ಟರು. ಕೆಲವೇ ವರ್ಷಗಳಲ್ಲಿ ಆ ಕ್ರೀಡಾಂಗಣವನ್ನೂ ಕೆಡವಬೇಕೆಂದಾಗ, ೨೦೦೮ರಲ್ಲಿ ಅವರು ಮತ್ತೊಮ್ಮೆ ಗಂಟುಮೂಟೆ ಕಟ್ಟಿ ಬೇರೊಂದು ಸಂತೆಯ ಜಾಗಕ್ಕೆ ಹೋಗಬೇಕಾಯಿತು. ತೊರೆಯನ್ನು ಮುಚ್ಚಿದಾಗ ಗುಡಿಸಲಿನವರು ಹೊರಬಿದ್ದರು. ಅದನ್ನು ತೆರೆದಾಗ ಬೀದಿಯಂಗಡಿಯವರು ಹೊರಬಿದ್ದರು. ಎರಡು ಕಾರ್ಯಗಳೂ ಊರಿನ ಹಿತಕ್ಕೆಂದೇ ಆದವು. ಎರಡರ ಭಾರವನ್ನೂ ಹೊತ್ತವರು ಬಡವರೇ.

ಉಳಿಸಿಕೊಂಡ ಮೇಲ್ಸೇತುವೆ

ಸಿಯೋಲಿನ ಮುಖ್ಯ ರೈಲುನಿಲ್ದಾಣದ ಹಳಿಗಳ ಮೇಲೆ ಹಾದುಹೋಗುವ ಮತ್ತೊಂದು ಮೇಲ್ಸೇತುವೆಯು ೧೯೭೦ರ ಆಗಸ್ಟ್ ೧೫ರಂದು ತೆರೆಯಲ್ಪಟ್ಟಿತ್ತು. ಹಳಿಗಳ ಪಶ್ಚಿಮಕ್ಕಿರುವ ಮಾಲ್ಲಿ, ಚೊಂಗ್ಪಾ ಮುಂತಾದ ಕೇರಿಗಳ ಸಣ್ಣ ಹೊಲಿಗೆಯ ಕಾರ್ಖಾನೆಗಳಿಂದ ಸಿದ್ಧವಾದ ಬಟ್ಟೆಗಳು ಈ ಸೇತುವೆಯ ಮೇಲೆಯೇ ಪೂರ್ವದಿಕ್ಕಿನ ನಾಮ್ದೇಮುನ್ ಮಾರುಕಟ್ಟೆಯನ್ನು ಸೇರುತ್ತಿದ್ದವು. ಪರೀಕ್ಷಕರು ಇದು ಅಪಾಯಕರವೆಂದು ತೀರ್ಮಾನಿಸಿದ ಮೇಲೆ, ಇದನ್ನೂ ಕೆಡವಬೇಕೆಂದಿತ್ತು. ಮೇಯರ್ ಪಾರ್ಕ್ ವೊನ್-ಸೂನ್ ಅವರು ೨೦೧೪ರಲ್ಲಿ ನ್ಯೂಯಾರ್ಕಿಗೆ ಹೋಗಿ, ಅಲ್ಲಿ ಹಳೆಯ ರೈಲುಮಾರ್ಗವನ್ನು ಎತ್ತರದ ಉದ್ಯಾನವಾಗಿ ಮಾಡಿರುವುದನ್ನು ನೋಡಿ, ಈ ಸೇತುವೆಯನ್ನೂ ಕಾಲ್ನಡೆಯವರಿಗೆ ಬಿಟ್ಟುಕೊಡುವುದಾಗಿ ಪ್ರಕಟಿಸಿದರು. ನಾಮ್ದೇಮುನ್ ವ್ಯಾಪಾರಿಗಳೂ, ಹೊಲಿಗೆಯವರೂ ತಮ್ಮ ದಾರಿ ಹೋಯಿತೆಂದು ಪ್ರತಿಭಟಿಸಿದರು. ೨೦೧೫ರಲ್ಲಿ ನಡೆದ ಸ್ಪರ್ಧೆಯಲ್ಲಿ ಹಾಲೆಂಡಿನ ಎಂ.ವಿ.ಆರ್.ಡಿ.ವಿ. ಎಂಬ ವಾಸ್ತುಶಿಲ್ಪ ಸಂಸ್ಥೆಯ ಯೋಜನೆಯು ಆಯ್ಕೆಯಾಯಿತು. ಆ ವರ್ಷದ ಡಿಸೆಂಬರಿನಲ್ಲಿ ವಾಹನಸಂಚಾರವು ನಿಂತು, ೨೦೧೭ರ ಮೇ ೨೦ರಂದು ಉದ್ಯಾನವು ತೆರೆಯಿತು. ಅದಕ್ಕೆ ‘ಸಿಯೋಲ್ಲೊ ೭೦೧೭’ ಎಂದು ಹೆಸರಿಟ್ಟರು. ೭೦ ಎಂಬುದು ಸೇತುವೆಯು ಹುಟ್ಟಿದ ವರ್ಷವನ್ನೂ, ೧೭ ಎಂಬುದು ಅದರ ಮರುಹುಟ್ಟನ್ನೂ ಸೂಚಿಸುತ್ತವೆ.

ಸುಮಾರು ಒಂದು ಕಿಲೋಮೀಟರು ಉದ್ದದ ಈ ಹಾದಿಯಲ್ಲಿ, ೬೪೫ ದುಂಡನೆಯ ಕುಂಡಗಳಲ್ಲಿ, ೨೨೮ ಜಾತಿಗಳ ೨೪,೦೦೦ ಸಸ್ಯಗಳನ್ನು ನೆಟ್ಟರು. ನಿಘಂಟಿನಲ್ಲಿ ಪದಗಳನ್ನು ಅಕಾರಾದಿಯಾಗಿ ಇಡುವಂತೆ, ಸಸ್ಯಗಳ ಕುಟುಂಬಗಳನ್ನು ಕೊರಿಯದ ಅಕ್ಷರಕ್ರಮದಲ್ಲಿ ಸಾಲಾಗಿ ಇರಿಸಿದುದು ವಿಶೇಷವಾದ ಕಲ್ಪನೆ. ಸೇಜೊಂಗ್ ಅರಸನು ಕೊಟ್ಟ ಅಕ್ಷರಮಾಲೆಯೇ ಇಲ್ಲಿ ತೋಟದ ಕ್ರಮವಾಗಿದೆ. ಆದರೆ ಇದರಲ್ಲಿಯೂ ಕೊರತೆಗಳು ಕಂಡುಬಂದವು. ಹಳೆಯ ಸೇತುವೆಯು ಹೆಚ್ಚು ಮಣ್ಣಿನ ಭಾರವನ್ನು ತಾಳಲಾರದಾದುದರಿಂದ, ಮರಗಳು ಕುಂಡಗಳಲ್ಲಿಯೇ ಬೆಳೆಯಬೇಕಾಯಿತು. ನೆಲವು ಕಾಂಕ್ರೀಟು, ನೆರಳು ವಿರಳ, ಬೇಸಗೆಯ ಮಧ್ಯಾಹ್ನಗಳಲ್ಲಿ ಅಲ್ಲಿ ನಡೆಯುವುದು ಪ್ರಯಾಸಕರವೆಂದು ಜನರು ದೂರಿದರು. ಆದರೂ ರೈಲುಹಳಿಗಳಿಂದ ಬೇರ್ಪಟ್ಟಿದ್ದ ಎರಡು ಕಡೆಯ ಕೇರಿಗಳ ಜನರು, ವಾಹನಗಳ ಭಯವಿಲ್ಲದೆ ಕಾಲ್ನಡೆಯಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಿಬರಲು ದಾರಿಯಾಯಿತೆಂಬ ಲಾಭವು ಸಾಮಾನ್ಯವಾದುದಲ್ಲ.

ಉಪಸಂಹಾರ

ಬಾವಿ, ಕೆರೆ, ಆರಾಮ ಮುಂತಾದವುಗಳನ್ನು ಲೋಕೋಪಕಾರಕ್ಕಾಗಿ ಮಾಡಿಸುವುದನ್ನು ನಮ್ಮ ಧರ್ಮಶಾಸ್ತ್ರಕಾರರು ಪೂರ್ತವೆಂದು ಕರೆದಿದ್ದಾರೆ. ಹಾಳಾದುದನ್ನು ಮತ್ತೆ ಎತ್ತಿ ನಿಲ್ಲಿಸುವುದು ಜೀರ್ಣೋದ್ಧಾರ. ಹೊಸದನ್ನು ಕಟ್ಟುವವನಿಗೆ ಬಯಲು ನೆಲವು ದೊರೆಯಬಹುದು. ಜೀರ್ಣೋದ್ಧಾರಮಾಡುವವನಿಗೆ ಅಂತಹ ಸೌಕರ್ಯವಿಲ್ಲ. ಮುರುಕು ಗೋಡೆಯ ಆಶ್ರಯದಲ್ಲಿ ಯಾರೋ ಒಬ್ಬರು ಅಡುಗೆಯ ಒಲೆಯನ್ನು ಹೂಡಿರುವರು. ಹಳೆಯ ರಸ್ತೆಯನ್ನು ಉದ್ಯಾನವನ್ನಾಗಿ ಮಾಡಹೊರಟ ಯಾವ ನಗರವಾದರೂ ಮೊದಲು ಕೇಳಬೇಕಾದ ಪ್ರಶ್ನೆಯೆಂದರೆ, ಈ ರಸ್ತೆಯಿಂದ ಈವರೆಗೆ ಬದುಕಿದವರು ಯಾರು, ನಾಳೆ ಅವರು ಎಲ್ಲಿರುವರು ಎಂಬುದು. ಯಂಗ್ಜೊ ಅರಸನ ಹೂಳೆತ್ತುವಿಕೆಯಲ್ಲಿ ಬಡವರಿಗೆ ಕೂಲಿಯಾದರೂ ದೊರೆಯಿತು. ಅವನ ಲೆಕ್ಕಪತ್ರದಲ್ಲಿ ನೀರಿನೊಡನೆ ಅನ್ನಕ್ಕೂ ಸ್ಥಳವಿದ್ದಿತು.

ಚೊಂಗ್ಯೇಚೊನ್ ತೊರೆಯ ಕೆಳಭಾಗದಲ್ಲಿ, ನೀರಿನ ನಡುವೆ, ಮೇಲ್ರಸ್ತೆಯ ಮೂರು ಕಂಬಗಳನ್ನು ಕೆಡವದೆ ನೆನಪಿಗಾಗಿ ಹಾಗೆಯೇ ಬಿಟ್ಟರು. ಶಾಂತಿ ಮಾರುಕಟ್ಟೆಯ ಬಳಿಯ ಸೇತುವೆಯ ಮೇಲೆ ಚೊನ್ ತೇ-ಇಲ್‌ನ ಕಂಚಿನ ಪ್ರತಿಮೆಯನ್ನು ೨೦೦೫ರಲ್ಲಿ ಸ್ಥಾಪಿಸಿದರು. ಎಷ್ಟು ಆಳಕ್ಕೆ ತೋಡಬೇಕೆಂಬುದನ್ನು ತಿಳಿಸಲು ಸುಪ್ಯೊ ಸೇತುವೆಯ ಕಂಬದ ಮೇಲೆ ಕೆತ್ತಿಸಿದ ಅಕ್ಷರಗಳಂತೆ, ಇವೂ ನಗರವು ತನಗೆ ತಾನೇ ಮಾಡಿಕೊಂಡ ಗುರುತುಗಳು. ಎರಡು ಸಲ ಎತ್ತಂಗಡಿಯಾದ ಬೀದಿವ್ಯಾಪಾರಿಗಳಿಗಾಗಿ ಒಂದು ಗುರುತನ್ನು ಕೆತ್ತಿಸುವ ಕೆಲಸವು ಈ ಸಾಲಿಗೆ ಸೇರಬೇಕಾಗಿದೆ. ನಡೆಯುವವನ ಸುಖಕ್ಕೆ ನೆರಳೂ ನೀರೂ ಅವಶ್ಯ. ಆ ನೆರಳು ನೀರುಗಳಿಗೆ ಬೆಲೆ ತೆತ್ತವರು ಯಾರೆಂಬ ಅರಿವು ಅವನಿಗೆ ಅಷ್ಟೇ ಅವಶ್ಯ.